‘ಸ್ಟೇಕ್’: ಪಾಲೋ, ಪಣವೋ, ಠೇವಣಿಯೋ, ಒತ್ತೆಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಇಥೀರಿಯಂ ಎಂಬ ಕ್ರಿಪ್ಟೊ ಜಾಲವು ‘ಪ್ರೂಫ್ ಆಫ್ ವರ್ಕ್’ (ಯಂತ್ರಗಳ ಲೆಕ್ಕಾಚಾರದ ದುಡಿಮೆಯಿಂದ ವ್ಯವಹಾರಗಳನ್ನು ಖಚಿತಪಡಿಸುವ) ಪದ್ಧತಿಯನ್ನು ಬಿಟ್ಟು ‘ಪ್ರೂಫ್ ಆಫ್ ಸ್ಟೇಕ್’ಗೆ (ತಮ್ಮ ನಾಣ್ಯ ಕಟ್ಟಿದವರು ಅದನ್ನು ಖಚಿತಪಡಿಸುವ ಪದ್ಧತಿಗೆ) ಬಂದ ಬಗೆಯನ್ನು ಕುರಿತು ಲೇಖನ ಬರೆಯುತ್ತಿದ್ದೇನೆ. ‘ಸ್ಟೇಕ್’ ಎಂಬಲ್ಲಿ ತಡೆದು ನಿಂತಿದ್ದೇನೆ.

ಮೊದಲು ಹೊಳೆಯುವುದು ‘ಪಾಲು’. ಆದರೆ ಅದು ಒಡೆತನವನ್ನು ಹೇಳುತ್ತದೆ, ಹೊಣೆಯನ್ನಲ್ಲ. ಇಲ್ಲಿ ವ್ಯವಹಾರವನ್ನು ಪರಿಶೀಲಿಸಲು ಬಯಸುವವರು ಈ ಜಾಲದ ನಾಣ್ಯವಾದ ಈಥರ್ ಅನ್ನು ಕನಿಷ್ಠ 32ರಷ್ಟು ಕಟ್ಟಬೇಕು. ಸರಿಯಾಗಿ ನಡೆದುಕೊಂಡರೆ ಸಂಭಾವನೆ ಸಿಗುತ್ತದೆ. ಯಂತ್ರ ಕೆಲಹೊತ್ತು ಸಂಪರ್ಕ ತಪ್ಪಿದರೆ ಸಣ್ಣ ದಂಡ ಬೀಳುತ್ತದೆ. ಒಂದೇ ಸರದಿಗೆ ಎರಡು ಬೇರೆ ಬೇರೆ ಬ್ಲಾಕ್‌ಗಳಿಗೆ (ವ್ಯವಹಾರಗಳ ಕಟ್ಟುಗಳಿಗೆ) ಸಹಿ ಹಾಕಿದರೆ ಕಟ್ಟಿದ್ದರಲ್ಲಿ ಒಂದಂಶ ಮುಟ್ಟುಗೋಲಾಗುತ್ತದೆ, ಪರಿಶೀಲಕರ ಸಾಲಿನಿಂದಲೂ ಹೊರಬೀಳಬೇಕಾಗುತ್ತದೆ. ತಪ್ಪಿದರೆ ಕಳೆದುಕೊಳ್ಳುತ್ತೇನೆ ಎಂಬ ಈ ಭಯದ ಮೇಲೆಯೇ ಜಾಲದ ಭದ್ರತೆ ನಿಂತಿರುವುದರಿಂದ, ಪದದಲ್ಲಿಯೂ ಅದು ಕೇಳಿಸಬೇಕು.

‘ಪಣ’ದಲ್ಲಿ ಅದು ಕೇಳಿಸುತ್ತದೆ, ನಿಜ. ಆದರೆ ಪಣಕ್ಕಿಟ್ಟದ್ದು ದಾಳ ಬಿದ್ದಂತೆ ಹೋಗುತ್ತದೆ. ಇಲ್ಲಿ ಹೋಗುವುದು ಇಟ್ಟವರ ನಡತೆಯಿಂದ. ಕ್ರಿಪ್ಟೊ ಎಂದರೆ ಜೂಜು ಎಂಬ ಭಾವನೆ ಓದುಗರಲ್ಲಿ ಮೊದಲೇ ಇರುವಾಗ ಈ ಪದ ಬಳಸಲು ನನಗೆ ಮನಸ್ಸಿಲ್ಲ. ‘ಠೇವಣಿ’ ಎಂದೊಡನೆ ಬ್ಯಾಂಕಿನ ಬಡ್ಡಿ ನೆನಪಾಗುತ್ತದೆ. ಚುನಾವಣೆಯಲ್ಲಿ ಆರನೇ ಒಂದರಷ್ಟು ಮತವೂ ಬಾರದಿದ್ದರೆ ಠೇವಣಿ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ಅಲ್ಲಿ ಕಳೆದುಕೊಳ್ಳುವುದು ಸೋತದ್ದಕ್ಕೆ, ವಂಚಿಸಿದ್ದಕ್ಕಲ್ಲ.

ನನ್ನ ಒಲವು ‘ಒತ್ತೆ’ಯ ಕಡೆಗೆ. ಅದರ ಕ್ರಿಯಾಪದಗಳು ಈ ಕಥೆಗೆ ಚೆನ್ನಾಗಿ ಒಗ್ಗುತ್ತವೆ. ಹೊಸ ಪದ್ಧತಿಯ ಬೀಕನ್ ಚೈನ್ 2020ರ ಡಿಸೆಂಬರ್ 1ರಂದು ಪ್ರತ್ಯೇಕ ಬ್ಲಾಕ್ ಸರಪಳಿಯಾಗಿ ಶುರುವಾಯಿತು. ಜನ ಈಥರ್ ಒತ್ತೆ ಇಟ್ಟರು. ರೋಪ್‌ಸ್ಟನ್, ಸೆಪೋಲಿಯಾ, ಗೋರ್ಲಿ ಎಂಬ ಪರೀಕ್ಷಾ ಜಾಲಗಳಲ್ಲಿ ತಾಲೀಮು ನಡೆದ ಮೇಲೆ, 2022ರ ಸೆಪ್ಟೆಂಬರ್ 15ರಂದು ಮುಖ್ಯ ಜಾಲ ಬೀಕನ್ ಚೈನ್‌ನೊಂದಿಗೆ ವಿಲೀನವಾಯಿತು. ಗಣಿಗಾರಿಕೆ (ಹಳೆಯ ಪದ್ಧತಿಯ ಲೆಕ್ಕಾಚಾರದ ದುಡಿಮೆ) ನಿಂತು, ವಿದ್ಯುತ್ ಬಳಕೆ ಶೇ 99ಕ್ಕೂ ಹೆಚ್ಚು ಇಳಿಯಿತು. ಆದರೆ ಇಟ್ಟದ್ದನ್ನು ಹಿಂಪಡೆಯುವ ದಾರಿ ತೆರೆದದ್ದು 2023ರ ಏಪ್ರಿಲ್ 12ರ ಮಾರ್ಪಾಡಿನಲ್ಲಿ. ಮೊದಲು ಇಟ್ಟವರು ಎರಡು ವರ್ಷಕ್ಕೂ ಹೆಚ್ಚು ಕಾಯ್ದು ‘ಒತ್ತೆ ಬಿಡಿಸಿಕೊಂಡರು’ ಎಂದು ಬರೆದರೆ ವಿವರಣೆಯೇ ಬೇಕಾಗದು.

ಅಡ್ಡಿ ಎರಡಿವೆ. ಒತ್ತೆ ಸಾಮಾನ್ಯವಾಗಿ ಸಾಲಕ್ಕೆ ಇಡುವಂಥದ್ದು, ಇಲ್ಲಿ ಸಾಲವೇ ಇಲ್ಲ. ಜೊತೆಗೆ, ಪತ್ರಿಕೆಗಳಲ್ಲಿ ಈ ಪದ ಹೆಚ್ಚಾಗಿ ಕಾಣುವುದು ‘ಒತ್ತೆಯಾಳು’ ಎಂಬ ರೂಪದಲ್ಲಿ.

ನಿಮ್ಮ ಕಡೆ ಒಡವೆಯನ್ನು ‘ಒತ್ತೆ ಇಡುವುದು’ ಎನ್ನುತ್ತಾರೆಯೇ, ಅಥವಾ ‘ಅಡವು’, ‘ಗಿರವಿ’ಗಳೇ ಬಳಕೆಯಲ್ಲಿವೆಯೇ? ಸಾಲದ ಸೋಂಕಿಲ್ಲದೆ, ಮಾತಿಗೆ ಜಾಮೀನಾಗಿ ಇಡುವ ವಸ್ತುವಿಗೆ ಬೇರೆ ಪದ ಕೇಳಿದ್ದೀರಾ? ಇಡೀ ಪದಗುಚ್ಛಕ್ಕೆ ಸದ್ಯಕ್ಕೆ ‘ಒತ್ತೆ ಪುರಾವೆ’ ಎಂದು ಬರೆದಿಟ್ಟಿದ್ದೇನೆ. ಅದರ ಎದುರಿಗೆ ಹಳೆಯದು ‘ದುಡಿಮೆ ಪುರಾವೆ’. ಲೆಕ್ಕಪತ್ರ, ಕಾನೂನು ಬಲ್ಲವರು ಇದನ್ನು ಒಪ್ಪುತ್ತಾರೆಯೇ ಎಂಬುದನ್ನು ಮುಖ್ಯವಾಗಿ ತಿಳಿಯಬೇಕಾಗಿದೆ.