ಅಪ್‌ಡೇಟ್: ಚಿಯಾ ಗಂಟು ಬಿಚ್ಚಿತು

ಹೋದ ತಿಂಗಳು ಕೇಳಿದ್ದೆ: ಚಿಯಾ ಬೀಜ ನೆನೆಸಿದರೆ ತಳದಲ್ಲಿ ಗಂಟಾಗಿ ಕೂರುತ್ತೆ, ತಿಂದರೆ ಹೊಟ್ಟೆ ಉಬ್ಬರ, ಏನು ಮಾಡಲಿ ಅಂತ. ಎರಡೂ ಸರಿಹೋಯ್ತು.

ಗಂಟಿಗೆ ಕಾರಣ ನನ್ನ ಅವಸರ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ರೈಲು ಹಿಡಿಯೋ ಗಡಿಬಿಡಿಗೆ ಬೀಜ ಸುರಿದು, ಮುಚ್ಚಳ ಹಾಕಿ ಓಡ್ತಿದ್ದೆ. ಈಗ ರಾತ್ರಿಯೇ ಒಂದು ಚಮಚಕ್ಕೆ ಮುಕ್ಕಾಲು ಲೋಟ ನೀರು. ಹಾಕಿದ ತಕ್ಷಣ ಕಲಕಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಕಲಕಿ ಫ್ರಿಜ್ಜಿಗೆ. ಆ ಎರಡನೇ ಸಲದ್ದೇ ಗುಟ್ಟು. ಈ ಬೀಜ ತನ್ನ ತೂಕದ ಸುಮಾರು 10 ಪಟ್ಟು ನೀರು ಹೀರುತ್ತೆ. ಒಣಗಿದ್ದನ್ನೇ ಬಾಯಿಗೆ ಹಾಕ್ಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು, ಹುಷಾರು.

ಹೊಟ್ಟೆಯ ಕಥೆ ಸರಳ. 28 ಗ್ರಾಂನಲ್ಲಿ ಸುಮಾರು 10 ಗ್ರಾಂ ನಾರು ಇರುತ್ತೆ, ನಾನೋ ಮೊದಲ ದಿನವೇ ಮೂರು ಚಮಚ! ಒಂದಕ್ಕೆ ಇಳಿಸಿದೆ, ನೀರು ಹೆಚ್ಚಿಸಿದೆ.

ಅತ್ತೆ ಇದನ್ನ ಫಲೂದಾಕ್ಕೆ ಹಾಕೋ ಸಬ್ಜಾ ಅಂದುಕೊಂಡಿದ್ದರು. ಅದು ನಮ್ಮ ಕಾಮಕಸ್ತೂರಿ ಬೀಜ, ನೋಡ್ತಾ ನೋಡ್ತಾ ಉಬ್ಬುತ್ತೆ. ಚಿಯಾ ಮೆಕ್ಸಿಕೋ ಕಡೆಯದು, ನಿಧಾನಿ. ಈಗ ಮೊಸರನ್ನಕ್ಕೂ ಬೆರೆಸಿ ಸಾಸಿವೆ ಒಗ್ಗರಣೆ ಕೊಡ್ತೀನಿ. ಮಗಳು ಮಾತ್ರ "ಕಪ್ಪೆ ಮೊಟ್ಟೆ" ಅಂತ ಮೂಗು ಮುರೀತಾಳೆ.