ಮನೆ ಗುಂಪಿನಲ್ಲಿ ಮಾತ್ರೆ ಜಗಳ

ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಬ್ರಿಟನ್‌ನಲ್ಲಿ ನೆಗಡಿಯಿಂದ ಹಾರ್ಟ್ ಆಪರೇಷನ್‌ವರೆಗೆ ಎಲ್ಲವೂ ಉಚಿತ!! ಒಂದು ಪೈಸೆ ಕೊಡುವಂತಿಲ್ಲ. ನಾವು ಸೋಪಿಗೂ ತೆರಿಗೆ, ಬಿಸ್ಕತ್ತಿಗೂ ತೆರಿಗೆ ಕಟ್ಟಿ ಕೊನೆಗೆ ಆಸ್ಪತ್ರೆ ಬಿಲ್ಲಿಗೆ ಒಡವೆ ಅಡ ಇಡಬೇಕು. ನಮ್ಮ ತೆರಿಗೆ ಎಲ್ಲಿ ಹೋಯಿತು? ಸ್ವಾಭಿಮಾನ ಇದ್ದರೆ 20 ಜನರಿಗೆ ಕಳಿಸಿ 🙏🙏

ಸುಧಾ ಅತ್ತೆ: ನಿಜ ಕಣೋ. ನನ್ನ ಮಂಡಿಗೆ ಸ್ಕ್ಯಾನಿಂಗ್ ಮಾಡಿಸಿದ್ದಕ್ಕೇ ಆ ತಿಂಗಳ ಪಿಂಚಣಿ ಕರಗಿ ಹೋಯ್ತು.

ರವಿ (ಲೆಸ್ಟರ್, ಇಂಗ್ಲೆಂಡ್): ಅಪ್ಪ, ಇದನ್ನು ಬರೆದವರು ಈ ಕಡೆ ತಲೆ ಹಾಕಿದವರಲ್ಲ. ಇಂಗ್ಲೆಂಡಿನಲ್ಲಿ ಡಾಕ್ಟರ್ ಬರೆದ ಒಂದೊಂದು ಔಷಧಿಗೂ 9.90 ಪೌಂಡ್ ಕೊಡಬೇಕು. ಮಕ್ಕಳಿಗೆ, 60 ದಾಟಿದವರಿಗೆ ಇಲ್ಲ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಯಾರಿಗೂ ಇಲ್ಲ. ನಮ್ಮಂಥ ವೀಸಾದವರಿಗೆ ಹೆಲ್ತ್ ಸರ್ಚಾರ್ಜ್ ಅಂತ ದೊಡ್ಡವರಿಗೆ ತಲೆಗೆ ವರ್ಷಕ್ಕೆ 1,035 ಪೌಂಡ್, ಅದೂ ವೀಸಾ ಎಷ್ಟು ವರ್ಷದ್ದೋ ಅಷ್ಟೂ ವರ್ಷದ್ದು ಮೊದಲೇ ಎಣಿಸಿ ಇಡಬೇಕು. ಅದಾದ ಮೇಲೆ ತೆರಿಗೆ ಬೇರೆ. 12,570 ಪೌಂಡ್ ದಾಟಿದ ಆದಾಯಕ್ಕೆ 20%, 50,270 ದಾಟಿದರೆ 40%, ಇದರ ಜತೆ ನ್ಯಾಷನಲ್ ಇನ್ಶೂರೆನ್ಸ್ ಅಂತ ಸಂಬಳದಲ್ಲೇ ಹಿಡಿಯುವ ವಂತಿಗೆ, 50,270ರವರೆಗೆ 8%. ಉಚಿತ ಅನ್ನೋ ಪದ ಕೇಳಿದರೆ ನನ್ನ ಸಂಬಳದ ಚೀಟಿ ನಗುತ್ತೆ.

ಚಿಕ್ಕಪ್ಪ: ಅದಿರಲಿ. ಪುಟ್ಟಿ ಹುಟ್ಟಿದಾಗ ಆಸ್ಪತ್ರೆಗೆ ಎಷ್ಟು ಕೊಟ್ಟೆ? ಅದು ಹೇಳು.

ರವಿ (ಲೆಸ್ಟರ್): ಏನೂ ಇಲ್ಲ. ಸಿಸೇರಿಯನ್ ಆಯ್ತು, ಬಿಲ್ಲು ಅನ್ನೋ ಕಾಗದವೇ ಬರಲಿಲ್ಲ. ಮನೆಗೆ ಹೊರಡುವ ದಿನ ನಾನು ಊರಿನ ಅಭ್ಯಾಸಕ್ಕೆ ಕ್ಯಾಶ್ ಕೌಂಟರ್ ಹುಡುಕಿಕೊಂಡು ಹೋದೆ. ಪಾರ್ಕಿಂಗ್ ದುಡ್ಡಿನ ಮೆಷಿನ್ ಒಂದೇ ಇದ್ದದ್ದು. ಆದರೆ ಅದೇ ಪುಟ್ಟಿ ಆಮೇಲೊಂದು ಸಲ ಬಿದ್ದು ಕೈ ಊದಿಸಿಕೊಂಡಾಗ ಎಮರ್ಜೆನ್ಸಿಯಲ್ಲಿ ರಾತ್ರಿ ಪೂರ್ತಿ ಕುರ್ಚಿ ಮೇಲೆ ಕೂತಿದ್ದೆವು.

ಮಂಜು ಭಾವ: ಇದಕ್ಕೇ ನಾನು ಹೇಳೋದು ಮಾವ, ನಮಗೆ ಆ ಪದ್ಧತಿ ಆಗಿ ಬರಲ್ಲ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ತೆರಿಗೆ ಕಟ್ಟುತ್ತಾರೆ. ಇಲ್ಲಿ ಆದಾಯ ತೆರಿಗೆ ಕಟ್ಟುವವರು ಒಂದು ಹಿಡಿ. ಈಗ 12 ಲಕ್ಷದವರೆಗೆ ತೆರಿಗೆಯೇ ಇಲ್ಲ ಅಂದಮೇಲೆ ಆ ಹಿಡಿಯೂ ಸಣ್ಣದಾಯ್ತು. ನನ್ನ ಸಂಬಳದಿಂದ ಕಿತ್ತುಕೊಂಡು ಊರಿಗೆಲ್ಲ ಆಸ್ಪತ್ರೆ ನಡೆಸುವುದಾದರೆ ನನಗೇನು ಸಿಗುತ್ತೆ? ಆರೋಗ್ಯ ಮತ್ತು ಶಿಕ್ಷಣ ಸೆಸ್ಸು ಅಂತ ತೆರಿಗೆಯ ಮೇಲೆ 4% ಬೇರೆ ಹಿಡಿಯುತ್ತಾರೆ. ಆದರೂ ಅಪ್ಪನಿಗೆ ನಾನೇ ಪಾಲಿಸಿ ಮಾಡಿಸಬೇಕು. ಮಗಳ ಸ್ಕೂಲಿಗೂ ನಾನೇ ಕಟ್ಟಬೇಕು. ಎರಡೂ ಕಡೆ ನಾವೇ. ಬಿಟ್ಟಿ ಭಾಗ್ಯ ಸಾಕು.

ಪ್ರಕಾಶ: ಭಾವ, ಆದಾಯ ತೆರಿಗೆ ಒಂದೇ ತೆರಿಗೆ ಅನ್ನೋ ಲೆಕ್ಕ ಎಲ್ಲಿಂದ ಬಂತು? ನನ್ನ ಮೆಡಿಕಲ್ ಸ್ಟೋರಿಗೆ ಬಂದು ಒಂದು ದಿನ ಕೂತುಕೊಳ್ಳಿ. 2025ರ ಸೆಪ್ಟೆಂಬರ್ 21ರವರೆಗೆ ಹೆಚ್ಚಿನ ಮಾತ್ರೆಗಳ ಮೇಲೆ 12% ಜಿಎಸ್‌ಟಿ ಇತ್ತು, ಈಗ 5%. ತೆಂಗಿನಕಾಯಿ ಸುಲಿಯೋಕೆ ಹೋಗುವವನೂ ಅದನ್ನು ಕಟ್ಟಿದ್ದಾನೆ, ನೀವೂ ಕಟ್ಟಿದ್ದೀರಿ, ದರ ಇಬ್ಬರಿಗೂ ಒಂದೇ. ಅವನು ರಿಟರ್ನ್ ಹಾಕಲ್ಲ ಅಂದಮಾತ್ರಕ್ಕೆ ಬಿಟ್ಟಿ ತಿನ್ನುತ್ತಿದ್ದಾನೆ ಅನ್ನೋದು ಅನ್ಯಾಯ ಅಲ್ವಾ?

ಸೆಸ್ಸಿನ ವಿಷಯಕ್ಕೆ ನಿಮ್ಮ ಸಿಟ್ಟು ಸರಿ, ಗುರಿ ಸ್ವಲ್ಪ ಆ ಕಡೆ. ಆ 4% ಕೇಂದ್ರಕ್ಕೆ ಹೋಗುತ್ತೆ. ಸೆಸ್ಸಿನ ದುಡ್ಡನ್ನು ಬೇರೆ ತೆರಿಗೆಯ ಹಾಗೆ ಹಣಕಾಸು ಆಯೋಗದ ಲೆಕ್ಕದಲ್ಲಿ ರಾಜ್ಯಗಳ ಜತೆ ಹಂಚಿಕೊಳ್ಳಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆ ನಡೆಸುವುದು ರಾಜ್ಯ. ಯೋಜನೆಗಳ ಹೆಸರಲ್ಲಿ ಒಂದಷ್ಟು ವಾಪಸ್ ಬರುತ್ತೆ, ಆದರೆ ಯಾವುದಕ್ಕೆ ಅಂತ ಅವರೇ ಹೇಳುತ್ತಾರೆ.

ಚಿಕ್ಕಪ್ಪ: ಯೋಜನೆ ಇದೆಯಲ್ಲಪ್ಪ. ಆಯುಷ್ಮಾನ್ ಕಾರ್ಡು. 5 ಲಕ್ಷ. ಇನ್ನೇನು ಬೇಕು?

ಸುಧಾ ಅತ್ತೆ: ನಂದು ಎಪಿಎಲ್ ಅಣ್ಣ. ನನಗೆ ಆ 5 ಲಕ್ಷ ಇಲ್ಲ.

ದೀಪಾ: ಮಾವ, ನಮ್ಮ ರಾಜ್ಯದಲ್ಲಿ 5 ಲಕ್ಷ ಬಿಪಿಎಲ್ ಕುಟುಂಬಗಳಿಗೆ. ಎಪಿಎಲ್‌ನವರಿಗೆ ಒಂದೊಂದು ಚಿಕಿತ್ಸೆಗೆ ಗೊತ್ತು ಮಾಡಿರುವ ಪ್ಯಾಕೇಜ್ ದರದ 30% ಮಾತ್ರ ಸರ್ಕಾರ ಕೊಡುತ್ತೆ, ವರ್ಷಕ್ಕೆ ಕುಟುಂಬಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ. ಎಮರ್ಜೆನ್ಸಿ ಬಿಟ್ಟು ಬೇರೆ ಯಾವುದಕ್ಕೂ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ಆಸ್ಪತ್ರೆ ಡ್ಯೂಟಿಯಲ್ಲಿದ್ದೇನೆ, ಆಮೇಲೆ ಬರ್ತೀನಿ.

ಪ್ರಕಾಶ: ಚಿಕ್ಕಪ್ಪ, ಕಾರ್ಡು ಕೆಟ್ಟದ್ದು ಅಂತ ನಾನು ಹೇಳಲ್ಲ. ಎಷ್ಟೋ ಜನ ಬದುಕಿದ್ದಾರೆ. ಆದರೆ ಅದು ಅಡ್ಮಿಟ್ ಆದವರಿಗೆ. ಹಾಸಿಗೆ ಮೇಲೆ ಮಲಗಿದ ಮೇಲೆ ಕಾರ್ಡು ಎದ್ದು ಕೂರುತ್ತೆ. ಅದಕ್ಕೆ ಮುಂಚಿನ ಹತ್ತು ಹದಿನೈದು ವರ್ಷ ಪ್ರತಿ ತಿಂಗಳು ತಿನ್ನಬೇಕಾದ ಬಿಪಿ ಮಾತ್ರೆಗೆ, ಶುಗರ್ ಮಾತ್ರೆಗೆ, ರಕ್ತ ಪರೀಕ್ಷೆಗೆ ಅದರಲ್ಲಿ ಏನೂ ಇಲ್ಲ. ಜನರ ಕೈಯಿಂದ ಆರೋಗ್ಯಕ್ಕೆ ಹೋಗುವ ದುಡ್ಡಿನಲ್ಲಿ ದೊಡ್ಡ ಪಾಲು ಔಷಧಿಯದ್ದು, ಆಪರೇಷನ್ನಿನದ್ದಲ್ಲ.

ನನ್ನ ಅಂಗಡಿಯಲ್ಲಿ ದಿನಾ ನಡೆಯೋದು ಹೇಳುತ್ತೇನೆ. ವಯಸ್ಸಾದವರು ಸೆರಗಿನ ಗಂಟಿನಿಂದಲೋ ಜೇಬಿನ ಪ್ಲಾಸ್ಟಿಕ್ ಕವರಿನಿಂದಲೋ ಖಾಲಿ ಸ್ಟ್ರಿಪ್ಪಿನ ಒಂದು ತುಂಡು ತೆಗೆದು ಕೌಂಟರ್ ಮೇಲೆ ಇಡುತ್ತಾರೆ. ಹೆಸರು ಅರ್ಧ ಹರಿದಿರುತ್ತೆ. "ಇದೇ, ನಾಲ್ಕು ಕೊಡಪ್ಪ" ಅಂತಾರೆ. ಹತ್ತು ತಗೊಳ್ಳಿ ಅಂದರೆ "ಸಂತೆ ದಿನ ಬರ್ತೀನಿ" ಅಂತಾರೆ. ನಾನು ಕತ್ತರಿ ತಗೊಂಡು ಹೊಸ ಸ್ಟ್ರಿಪ್ಪಿನಿಂದ ನಾಲ್ಕು ಕತ್ತರಿಸುತ್ತೇನೆ, ಎಕ್ಸ್‌ಪೈರಿ ದಿನಾಂಕ ಇರುವ ಕಡೆ ನನ್ನ ಹತ್ತಿರ ಉಳಿಯಬೇಕು, ಇಲ್ಲದಿದ್ದರೆ ಉಳಿದದ್ದು ಮಾರೋಕೆ ಆಗಲ್ಲ. ನಾಲ್ಕು ಅಮ್ಲೋಡಿಪಿನ್, ಅಂದರೆ ಬಿಪಿ ಮಾತ್ರೆ, ನಾಲ್ಕು ದಿನಕ್ಕೆ ಅಂತ ನೀವು ಅಂದುಕೊಳ್ಳುತ್ತೀರಿ. ಅವರು ಎಂಟು ದಿನ ಎಳೆಯುತ್ತಾರೆ, ತಲೆ ಸುತ್ತಿದ ದಿನ ಮಾತ್ರ ನುಂಗುತ್ತಾರೆ. ಹೀಗೆ ನಡೆದು ನಡೆದು ಒಂದು ದಿನ ಲಕ್ವ ಹೊಡೆದರೆ ಆಗ ಸರ್ಕಾರ 5 ಲಕ್ಷದವರೆಗೂ ಕೊಡೋಕೆ ಸಿದ್ಧ. ಲಕ್ವಕ್ಕೆ ದುಡ್ಡಿದೆ, ಲಕ್ವ ಬರದ ಹಾಗೆ ನೋಡಿಕೊಳ್ಳುವ ಮಾತ್ರೆಗೆ ಇಲ್ಲ. ನನ್ನ ಜಗಳ ಇಷ್ಟೇ. ತೆರಿಗೆ ದುಡ್ಡು ಮೊದಲು ಅಲ್ಲಿಗೆ ಹೋಗಬೇಕು.

ಚಿಕ್ಕಪ್ಪ: ಮಾತ್ರೆ ಪುಕ್ಕಟೆ ಆದರೆ ನಿನ್ನ ಅಂಗಡಿ ಗತಿ? 😀

ಪ್ರಕಾಶ: ವ್ಯಾಪಾರ ಇಳಿಯುತ್ತೆ. ಅರ್ಧ ಇಳಿದರೂ ಆಶ್ಚರ್ಯ ಇಲ್ಲ. ತಮಿಳುನಾಡಿನಲ್ಲಿ 1994ರಲ್ಲೇ ಔಷಧಿ ಕೊಳ್ಳೋಕೆ ಅಂತಲೇ ಸರ್ಕಾರದ ನಿಗಮ ಮಾಡಿದರು. ಬ್ರ್ಯಾಂಡ್ ಹೆಸರು ನೋಡದೆ ಔಷಧಿಯ ಹೆಸರಲ್ಲಿ ಸಗಟು ಟೆಂಡರ್, ಸ್ಟ್ರಿಪ್ಪಿನ ಮೇಲೆ 'ಮಾರಾಟಕ್ಕಲ್ಲ' ಅಂತ ಅಚ್ಚು. ರಾಜಸ್ಥಾನದಲ್ಲಿ 2011ರಲ್ಲಿ ಉಚಿತ ಔಷಧಿ ಯೋಜನೆ ಬಂತು. ಎರಡೂ ಕಡೆ ಮೆಡಿಕಲ್ ಶಾಪ್ ಮುಚ್ಚಿ ಹೋಗಿಲ್ಲ. ನಾನೂ ಬದುಕಿಕೊಳ್ಳುತ್ತೇನೆ ಬಿಡಿ.

ಮಂಜು ಭಾವ: ಸರ್ಕಾರ ಸಗಟಲ್ಲಿ ಕೊಂಡರೆ ಏನಾಗುತ್ತೆ ಅಂತ ಬಳ್ಳಾರಿ ನೋಡಿಲ್ವಾ? 2024ರ ನವೆಂಬರ್. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಹೋದರು, ಕೊಟ್ಟ ಗ್ಲೂಕೋಸ್ ಥರದ ದ್ರಾವಣದ ಮೇಲೇ ಅನುಮಾನ ಬಂತು. ಇಂಥವರ ಕೈಗೆ ಇನ್ನೂ ಜಾಸ್ತಿ ದುಡ್ಡು ಕೊಡಿ ಅಂತೀಯಾ? ನನ್ನ ಹೆಂಡತಿಯನ್ನು ನಾನು ಅಲ್ಲಿಗೆ ಕಳಿಸಲ್ಲ. ನೀನು ಕಳಿಸ್ತೀಯಾ? ಎದೆ ಮುಟ್ಟಿ ಹೇಳು.

ಸುಧಾ ಅತ್ತೆ: ಆ ಸುದ್ದಿ ನೋಡಿ ನನಗೆ ಊಟ ಸೇರಿರಲಿಲ್ಲ.

ಪ್ರಕಾಶ: ಅದಕ್ಕೆ ಸಮಜಾಯಿಷಿ ಕೊಡೋಕೆ ಬರಲ್ಲ ಭಾವ, ಕೊಡಲೂ ಬಾರದು. ಆದರೆ ಸರ್ಕಾರಿ ಪರೀಕ್ಷೆ ಸರಿ ಇರಬೇಕು ಅಂದರೂ ದುಡ್ಡು ಬೇಕು, ಲ್ಯಾಬ್ ಬೇಕು, ಡ್ರಗ್ ಇನ್‌ಸ್ಪೆಕ್ಟರ್ ಹುದ್ದೆ ಭರ್ತಿ ಆಗಬೇಕು. ಖಾಸಗಿ ಆಸ್ಪತ್ರೆಗೆ ಬರುವ ಔಷಧಿಯನ್ನು ಪರೀಕ್ಷೆ ಮಾಡುವವರು ಬೇರೆ ಯಾರೋ ಅಂದುಕೊಂಡಿದ್ದೀರಾ? ಅದೇ ಇಲಾಖೆ. ನೀವು ಎಷ್ಟು ದೊಡ್ಡ ಆಸ್ಪತ್ರೆಗೆ ಹೋದರೂ ಅದರಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ.

ಜಯದೇವ, ಕಿದ್ವಾಯಿ, ನಿಮ್ಹಾನ್ಸ್ ಯಾರ ದುಡ್ಡಲ್ಲಿ ನಡೆಯುತ್ತಿವೆ? ಹೃದಯದ ಕಾಯಿಲೆ ಬಂದಾಗ ಬೆಂಗಳೂರಿನ ಎಷ್ಟೋ ಉಳ್ಳವರೇ ಜಯದೇವಕ್ಕೆ ಹೋಗ್ತಾರೆ. ಅಂದರೆ ಸರ್ಕಾರಿ ಅಂದ ತಕ್ಷಣ ಕೊಳಕು ಅಂತ ಹಣೆಬರಹ ಇಲ್ಲ. ತಾಲ್ಲೂಕಿಗೆ ಬಂದಾಗ ಯಾಕೆ ಹಾಗಾಗುತ್ತೆ ಅಂದರೆ ತಹಶೀಲ್ದಾರರೂ ಅಲ್ಲಿಗೆ ಹೋಗಲ್ಲ, ಮೇಷ್ಟ್ರೂ ಹೋಗಲ್ಲ, ಅಂಗಡಿ ಇಟ್ಟ ನಾವೂ ಹೋಗಲ್ಲ. ಜಗಳ ಮಾಡಿ ಕೆಲಸ ಮಾಡಿಸಿಕೊಳ್ಳೋಕೆ ಬರುವವರೆಲ್ಲ ಹೊರಗೆ ಇದ್ದೇವೆ.

ರವಿ (ಲೆಸ್ಟರ್): ಪ್ರಕಾಶಣ್ಣ ಹೇಳಿದ್ದು ಇಲ್ಲಿಗೂ ಸರಿ. ಇಲ್ಲಿ ನನ್ನ ಮ್ಯಾನೇಜರೂ, ಆಫೀಸ್ ಗುಡಿಸುವವರೂ ಅದೇ ಬಡಾವಣೆ ಡಾಕ್ಟರ್ ಕ್ಲಿನಿಕ್ಕಿಗೆ ಫೋನ್ ಮಾಡಿ ಬೆಳಗ್ಗೆ ಎಂಟಕ್ಕೆ ಕ್ಯೂನಲ್ಲಿ ಕಾಯುತ್ತಾರೆ. ಅದಕ್ಕೇ ಯಾವ ಪಕ್ಷವೂ ಈ ಸರ್ಕಾರಿ ಆರೋಗ್ಯ ವ್ಯವಸ್ಥೆಯನ್ನು ಮುಚ್ಚುತ್ತೇವೆ ಅನ್ನೋ ಧೈರ್ಯ ಮಾಡಲ್ಲ. ಆದರೆ ಭಾವನ ಮಾತೂ ಕೇಳಿ. ಇಂಗ್ಲೆಂಡಿನಲ್ಲಿ ಆಸ್ಪತ್ರೆ ಚಿಕಿತ್ಸೆಯ ಕಾಯುವ ಪಟ್ಟಿ 2023ರಲ್ಲಿ 77 ಲಕ್ಷ ಮುಟ್ಟಿತ್ತು. 18 ವಾರದೊಳಗೆ ಶುರುವಾಗಬೇಕು ಅನ್ನೋದು ಅವರದೇ ನಿಯಮ, ಅದನ್ನು ವರ್ಷಗಳಿಂದ ಮುಟ್ಟಿಲ್ಲ. ಅತ್ತೆಯ ಮಂಡಿ ಇಲ್ಲಿದ್ದರೆ ತಿಂಗಳುಗಟ್ಟಲೆ ಕುಂಟಬೇಕಿತ್ತು. ಮತ್ತೆ ಒಂದು ವಿಷಯ, ನ್ಯಾಷನಲ್ ಇನ್ಶೂರೆನ್ಸ್ ಅಂತ ಹೆಸರಿದ್ದರೂ ಆಸ್ಪತ್ರೆ ನಡೆಯೋದು ಬಹುಪಾಲು ಸಾಮಾನ್ಯ ತೆರಿಗೆಯಿಂದ. ಹಾಗಾಗಿ ಪ್ರತಿ ಬಜೆಟ್ಟಿನಲ್ಲೂ ಅದೇ ಕಿತ್ತಾಟ.

ಮಂಜು ಭಾವ: ನೋಡಿದ್ರಾ! ಶ್ರೀಮಂತ ದೇಶಕ್ಕೇ ಆಗ್ತಿಲ್ಲ.

ಪ್ರಕಾಶ: ಬ್ರಿಟನ್ನಿನವರು 1948ರ ಜುಲೈ 5ಕ್ಕೆ ಆ ವ್ಯವಸ್ಥೆ ಶುರು ಮಾಡಿದಾಗ ಶ್ರೀಮಂತರಾಗೇನೂ ಇರಲಿಲ್ಲ. ಯುದ್ಧ ಗೆದ್ದರೂ ಅದರ ಖರ್ಚಿಗೆ ಬಸವಳಿದಿದ್ದರು, ಮಾಂಸ, ಸಕ್ಕರೆ ಇನ್ನೂ ರೇಷನ್ನಿನಲ್ಲಿ ಸಿಗುತ್ತಿತ್ತು. ಅದಕ್ಕಿಂತ ಎರಡು ವರ್ಷ ಮೊದಲೇ, 1946ರಲ್ಲಿ, ನಮ್ಮ ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ನೋಡಿದ ಭೋರ್ ಸಮಿತಿ ಬರೆದಿಟ್ಟಿತ್ತು, ದುಡ್ಡು ಕೊಡೋಕೆ ಆಗಲ್ಲ ಅನ್ನೋ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂತ. ವರದಿ ಬೀರುವಿಗೆ ಹೋಯ್ತು. ಥಾಯ್ಲೆಂಡ್ ನೋಡಿ, 2002ರ ಹೊತ್ತಿಗೆ ಇಂಥದ್ದನ್ನೇ ದೇಶಕ್ಕೆಲ್ಲ ಹಬ್ಬಿಸಿದರು, ಒಂದು ಭೇಟಿಗೆ ಅಲ್ಲಿನ ದುಡ್ಡಲ್ಲಿ 30 ಬಾತ್, ಉಳಿದದ್ದು ಸಾಮಾನ್ಯ ತೆರಿಗೆಯಿಂದ. ಅಲ್ಲೂ ಆಗ ಎಲ್ಲರೂ ಆದಾಯ ತೆರಿಗೆ ಕಟ್ಟುತ್ತಿರಲಿಲ್ಲ ಭಾವ, ನಮ್ಮ ಹಾಗೇ ಹೊಲದಲ್ಲಿ, ರಸ್ತೆ ಬದಿಯಲ್ಲಿ ದುಡಿಯುವವರೇ ಜಾಸ್ತಿ.

ಲೆಕ್ಕ ಬೇಕು ಅಂದರೆ ಇದು. 2021-22ರಲ್ಲಿ ನಮ್ಮ ಸರ್ಕಾರಗಳೆಲ್ಲ ಸೇರಿ, ಕೇಂದ್ರ ರಾಜ್ಯ ಎರಡೂ, ಆರೋಗ್ಯಕ್ಕೆ ಜಿಡಿಪಿಯ 1.84% ಖರ್ಚು ಮಾಡಿವೆ. 2025ರೊಳಗೆ 2.5% ಮಾಡುತ್ತೇವೆ ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಅವರೇ ಬರೆದುಕೊಂಡಿದ್ದರು. ಅದೇ ವರ್ಷ ಒಟ್ಟು ಆರೋಗ್ಯ ಖರ್ಚಿನಲ್ಲಿ 39.4% ಜನರ ಜೇಬಿನಿಂದಲೇ ಹೋಯ್ತು. 2013-14ರಲ್ಲಿ ಇದು 64.2% ಇತ್ತು, ಇಳಿದಿದೆ, ಒಪ್ಪೋಣ. ಆದರೂ ನೂರಕ್ಕೆ ನಲವತ್ತು ರೂಪಾಯಿ ಹತ್ತಿರ ಕಾಯಿಲೆ ಬಿದ್ದವನೇ, ಕಾಯಿಲೆ ಬಿದ್ದ ದಿನವೇ ಎಣಿಸುತ್ತಿದ್ದಾನೆ. ಅವತ್ತು ಅವನಿಗೆ ಕೂಲಿಯೂ ಇರಲ್ಲ. ನೀವು ಇದಕ್ಕೆ ತೆರಿಗೆ ಅನ್ನಲ್ಲ ಅಷ್ಟೇ.

ಮಂಜು ಭಾವ: ಅದಕ್ಕೇ ಇನ್ಶೂರೆನ್ಸ್ ಮಾಡಿಸಿ ಅನ್ನೋದು. ಈಗ ಪ್ರೀಮಿಯಂ ಮೇಲೆ ಇದ್ದ 18% ಜಿಎಸ್‌ಟಿಯನ್ನೂ ತೆಗೆದಿದ್ದಾರೆ.

ಪ್ರಕಾಶ: ಮಾಡಿಸಿದ್ರಲ್ಲ, ನಿಮ್ಮ ತಂದೆಯವರ ಆಪರೇಷನ್ನಿಗೆ ಎಷ್ಟು ಬಂತು?

ಮಂಜು ಭಾವ: ಅದು ರೂಮಿನ ವಿಷಯ.

ಸುಧಾ ಅತ್ತೆ: ಏನದು ರೂಮಿನ ವಿಷಯ?

ಮಂಜು ಭಾವ: ಪಾಲಿಸಿಯಲ್ಲಿ ದಿನಕ್ಕೆ ಇಷ್ಟು ಬಾಡಿಗೆ ರೂಮು ಅಂತ ಮಿತಿ ಇತ್ತು. ಆಸ್ಪತ್ರೆಯವರು ಆ ರೂಮು ಖಾಲಿ ಇಲ್ಲ ಅಂತ ಜಾಸ್ತಿಯದ್ದು ಕೊಟ್ಟರು. ಕಂಪನಿಯವರು ರೂಮಿನ ವ್ಯತ್ಯಾಸ ಮಾತ್ರ ಕಳೆದಿದ್ದರೆ ಪರವಾಗಿಲ್ಲ, ಸರ್ಜನ್ ಫೀಸು, ಥಿಯೇಟರ್ ಬಾಡಿಗೆ ಎಲ್ಲದರಲ್ಲೂ ಅದೇ ಅನುಪಾತದಲ್ಲಿ ಕತ್ತರಿಸಿದರು. ಗ್ಲೌಸ್, ಹತ್ತಿ ಲೆಕ್ಕಕ್ಕೇ ಬರಲ್ಲ. ಆದರೂ ಅರ್ಧಕ್ಕಿಂತ ಜಾಸ್ತಿ ಬಂತು. ಸರ್ಕಾರವನ್ನು ನಂಬುವುದಕ್ಕಿಂತ ಅದು ವಾಸಿ, ನನ್ನ ಅಭಿಪ್ರಾಯ ಬದಲಾಗಲ್ಲ.

ಚಿಕ್ಕಪ್ಪ: ಯಶಸ್ವಿನಿ ಅನ್ನೋ ಆರೋಗ್ಯ ಯೋಜನೆ ಇತ್ತಲ್ಲ, 2003ರಲ್ಲಿ. ಸಹಕಾರ ಸಂಘದ ರೈತರು ತಿಂಗಳಿಗೆ 5 ರೂಪಾಯಿ ಕಟ್ಟುತ್ತಿದ್ದರು, ದೇವಿ ಶೆಟ್ಟಿಯವರು ಹಾಕಿಕೊಟ್ಟ ದಾರಿ. ಅಂಥದ್ದು ಮಾಡಿದರೆ ಎಲ್ಲರೂ ಸ್ವಲ್ಪ ಸ್ವಲ್ಪ ಕಟ್ಟಿದ ಹಾಗಾಗುತ್ತೆ. ಪುಕ್ಕಟೆ ಅನ್ನೋ ಮಾತೂ ಇರಲ್ಲ.

ದೀಪಾ: ಈಗ ಓಪಿಡಿ ಮುಗೀತು. ಎಲ್ಲ ಓದಿದೆ. ಮಾವ, ಯಶಸ್ವಿನಿ ಒಳ್ಳೆಯದೇ. 2018ರಲ್ಲಿ ನಿಲ್ಲಿಸಿ 2022ರಲ್ಲಿ ಮತ್ತೆ ಶುರು ಮಾಡಿದರು. ಆದರೆ ಅದೂ ಮುಖ್ಯವಾಗಿ ಆಪರೇಷನ್ನಿಗೆ. ನಾನು ದಿನಾ ನೋಡೋದು ಪ್ರಕಾಶ ಭಾವ ಹೇಳಿದ ಜನರನ್ನೇ. ನನ್ನ ಹತ್ತಿರ ಬರ್ತಾರೆ, ಬಿಪಿ 180 ಇರುತ್ತೆ, ಮಾತ್ರೆ ಬರೆದುಕೊಡುತ್ತೇನೆ, ಫಾರ್ಮಸಿಯಲ್ಲಿ ಒಂದು ಇರುತ್ತೆ, ಇನ್ನೊಂದು ಇರಲ್ಲ. ಇಷ್ಟು ಔಷಧಿ ಬೇಕು ಅಂತ ಇಂಡೆಂಟ್ ಮುಂಚೆಯೇ ಹಾಕಿರುತ್ತೇವೆ, ಬರೋದು ಅರೆಬರೆ. ಇಲ್ಲದ್ದನ್ನು ಸಣ್ಣ ಚೀಟಿಯಲ್ಲಿ ಹೊರಗೆ ಬರೆದರೆ ಡಾಕ್ಟರ್ ಕಮಿಷನ್ ತಿನ್ನುತ್ತಾರೆ ಅಂತ ವಿಡಿಯೋ ಮಾಡ್ತಾರೆ. ಆ ಚೀಟಿ ಹೋಗೋದು ಭಾವನ ಅಂಗಡಿಗೆ, ಅಲ್ಲಿ ನಾಲ್ಕು ಮಾತ್ರೆ.

ಮಂಜಣ್ಣ, ಎಲ್ಲಾ ಕೆಟ್ಟಿಲ್ಲ. ಹೃದಯ ಜ್ಯೋತಿ ಅಂತ ಇದೆಯಲ್ಲ, ಪುನೀತ್ ಹೆಸರಿನದು. ಎದೆ ನೋವು ಅಂತ ಬಂದವರ ಇಸಿಜಿ ತಾಲ್ಲೂಕಿನಲ್ಲೇ ತೆಗೆದು ಕಳಿಸುತ್ತೇವೆ, ದೊಡ್ಡ ಹೃದಯಾಘಾತ ಅಂತ ಗೊತ್ತಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಅಲ್ಲೇ ಕೊಡುತ್ತೇವೆ. ಹೊರಗೆ ಹತ್ತಾರು ಸಾವಿರದ ಇಂಜೆಕ್ಷನ್, ಇಲ್ಲಿ ದುಡ್ಡು ಕೇಳಲ್ಲ, ಎಪಿಎಲ್ಲಾ ಬಿಪಿಎಲ್ಲಾ ಅಂತಲೂ ಕೇಳಲ್ಲ. ತೆರಿಗೆ ದುಡ್ಡಲ್ಲಿ ಸರ್ಕಾರಿ ಆಸ್ಪತ್ರೆ ಹೇಗೆ ನಡೀಬಹುದು ಅಂತ ಕೇಳಿದರೆ ನಾನು ಅದನ್ನೇ ತೋರಿಸ್ತೀನಿ. ಮತ್ತೆ ಗೃಹ ಆರೋಗ್ಯ, 2024ರಲ್ಲಿ ಕೋಲಾರದಲ್ಲಿ ಶುರುವಾಗಿದ್ದು, ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡೋದು. ಹುಡುಕೋದೇನೋ ಹುಡುಕುತ್ತೇವೆ, ಸಿಕ್ಕವರಿಗೆಲ್ಲ ತಿಂಗಳು ತಿಂಗಳು ಮಾತ್ರೆ ತಪ್ಪದೆ ಕೊಡುವಷ್ಟು ಸ್ಟಾಕ್ ಬೇಕಲ್ಲ. ತೆರಿಗೆ ಜಾಸ್ತಿ ಮಾಡಿ ಅಂತ ನಾನು ಹೇಳ್ತಿಲ್ಲ, ಮೊದಲು ಬರೆದುಕೊಂಡಿರುವ 2.5% ಕೊಡಲಿ.

ಮಂಜು ಭಾವ: ದೀಪಾ, ನೀನಿರೋ ಕಡೆ ಸರಿ ಇರಬಹುದು. ಎಲ್ಲ ಕಡೆ ನೀನು ಇರಲ್ಲ.

ದೀಪಾ: ಅದಕ್ಕೂ ದಾರಿ ಇದೆ. ಥಾಯ್ಲೆಂಡಿನಲ್ಲಿ ಹೊಸ ಡಾಕ್ಟರುಗಳು ಹಳ್ಳಿ ಕಡೆ ಕೆಲಸ ಮಾಡಲೇಬೇಕು ಅಂತ ದಶಕಗಳಿಂದ ನಿಯಮ ಇದೆ. ಇಲ್ಲೂ ಕಡ್ಡಾಯ ಸೇವೆ ಅಂತ ಇದೆ, ನಮ್ಮ ಬ್ಯಾಚಿನಲ್ಲಿ ತಪ್ಪಿಸಿಕೊಳ್ಳೋಕೆ ಯಾರ್ಯಾರು ಏನೇನು ಮಾಡಿದರು ಅಂತ ಇಲ್ಲಿ ಬರೆಯಲ್ಲ.

ಸುಧಾ ಅತ್ತೆ: ದೀಪಾ, ನಿಮ್ಮಲ್ಲಿ ಮೂಳೆ ಡಾಕ್ಟರ್ ಯಾವತ್ತು ಸಿಗ್ತಾರೆ? ಮನೇಲಿ ಕೇಳಿದರೆ ನೀನು ಹೇಳಲ್ಲ, ಯಾವಾಗಲೂ ಸುಸ್ತು ಅಂತೀಯ.

ದೀಪಾ: ಅಮ್ಮ, ಮಂಗಳವಾರ ಬಾ. ಒಂಬತ್ತಕ್ಕೇ ಬಾ, ಹತ್ತರ ಮೇಲೆ ಸಾಲು ಗೇಟಿನವರೆಗೆ ಹೋಗುತ್ತೆ. ನನ್ನ ಅಮ್ಮ ಅಂತ ಹೇಳಬೇಡ.

ಮಂಜು ಭಾವ: ಅತ್ತೆ, ಬೆಂಗಳೂರಿಗೆ ಬನ್ನಿ, ನಾನು ತೋರಿಸ್ತೀನಿ. ಸುಮ್ನೆ ಯಾಕೆ ಸಾಲಲ್ಲಿ ನಿಲ್ತೀರಿ.

ಸುಧಾ ಅತ್ತೆ: ಮಂಗಳವಾರ ನೋಡಿ ಆಮೇಲೆ ಹೇಳ್ತೀನಿ ಮಂಜು. ಪ್ರಕಾಶ, ನಿಮ್ಮ ಅಂಗಡಿ ಅಲ್ಲೇ ಎದುರಿಗಲ್ವಾ, ಬಸ್ ಬರೋವರೆಗೆ ಕೂರೋಕೆ ಒಂದು ಸ್ಟೂಲ್ ಹಾಕಿರು.