ಬೆಟ್ಟ ಹತ್ತಿದರೆ ಮನಸ್ಸು ಹಗುರ, ಮನೆಗೆ ಬಂದರೆ ಮತ್ತೆ ಅದೇ. ಹಿಮಾಲಯದ ಕೇದಾರಕಂಠಕ್ಕೆ ಹೋಗಬಹುದಾ?

ರವಿಕೆ_ಮೈಸೂರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ವಯಸ್ಸು 46. ಯಜಮಾನರು ಹೋದ ವರ್ಷ ತೀರಿಕೊಂಡರು. ಕಿಡ್ನಿ ತೊಂದರೆ. ವರ್ಷಗಟ್ಟಲೆ ಡಯಾಲಿಸಿಸ್, ವಾರಕ್ಕೆ ಮೂರು ದಿನ. ಬೆಳಿಗ್ಗೆ ಕರೆದುಕೊಂಡು ಹೋಗುವುದು, ನಾಲ್ಕು ಗಂಟೆ ಹೊರಗೆ ಕಾಯುವುದು, ವಾಪಸ್ ಕರೆದುಕೊಂಡು ಬರುವುದು. ಕಾಯುವ ಹೊತ್ತಿಗೆ ಹೆಮ್ಮಿಂಗ್, ಹುಕ್ಕು ಹಾಕುವ ಕೆಲಸ ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದೆ.

ಅವರು ಹೋದ ಮೇಲೂ ಐದು ಗಂಟೆಗೇ ಎಚ್ಚರ ಆಗುತ್ತದೆ. ಎದ್ದು ಏನು ಮಾಡಲಿ? ಒಂದು ದಿನ ಪಕ್ಕದ ಮನೆಯವರು ಚಾಮುಂಡಿ ಬೆಟ್ಟದ ಪಾದಕ್ಕೆ ಹೊರಟಿದ್ದರು, ಅವರ ಹಿಂದೆ ನಾನೂ ಹೋದೆ. ಆಮೇಲೆ ಒಬ್ಬಳೇ ಹೋಗುವುದು ಅಭ್ಯಾಸ ಆಯಿತು. ಆ ಮೆಟ್ಟಿಲು ಹತ್ತಿದವರಿಗೆ ಗೊತ್ತು, ಒಂದರ ಹಾಗೆ ಇನ್ನೊಂದಿಲ್ಲ. ಒಂದು ಮೊಣಕಾಲೆತ್ತರ, ಮುಂದಿನದು ಗೇಣುದ್ದ. ಶುರುವಿನಲ್ಲಂತೂ ಕಡಿದು. ಕಾಲು ಎಲ್ಲಿಡಬೇಕು ಅಂತ ನೋಡುತ್ತಾ ಹತ್ತಬೇಕು, ಬೇರೆ ಯೋಚನೆಗೆ ಜಾಗ ಇರುವುದಿಲ್ಲ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತಾ ಬಗ್ಗಿ ಹತ್ತುತ್ತಾರಲ್ಲ, ಅವರ ಹಿಂದೆ ಸಿಕ್ಕಿಕೊಂಡರೆ ನನಗೂ ನಿಧಾನವೇ ಗತಿ.

ಈಗ ಹೇಳಬೇಕಾದ್ದು ನೀರಿನ ವಿಷಯ. ದಿನಕ್ಕೆ ಒಂದು ಲೀಟರ್ ದಾಟಬಾರದು ಅಂತ ಅವರಿಗೆ ಡಾಕ್ಟರ್ ಹೇಳಿದ್ದರು. ಕಾಫಿ, ಸಾರು, ಮಜ್ಜಿಗೆ ಎಲ್ಲಾ ಅದೇ ಲೆಕ್ಕಕ್ಕೆ. ಬೆಳಿಗ್ಗೆ ಒಂದು ಬಾಟಲಿ ತುಂಬಿ ಇಡುತ್ತಿದ್ದೆ. ಒಂದು ಲೋಟ ಕಾಫಿ ಕೊಟ್ಟರೆ ಅಷ್ಟು ನೀರು ಬಾಟಲಿಯಿಂದ ಚೆಲ್ಲುತ್ತಿದ್ದೆ. ಬೇಸಿಗೆಯಲ್ಲಿ ಐಸ್ ತುಂಡು ಚೀಪಿ ಸುಮ್ಮನಾಗುತ್ತಿದ್ದರು. ಅವರೆದುರು ನಾನು ನೀರು ಕುಡಿಯುತ್ತಿರಲಿಲ್ಲ. ಅಡುಗೆಮನೆ ಬಾಗಿಲ ಹಿಂದೆ ನಿಂತು ಎರಡು ಗುಟುಕು, ಅಷ್ಟೇ.

ಈಗ ನಂದಿ ಹತ್ತಿರ ಕೂತು ಒಂದು ಬಾಟಲಿ ನೀರು ಗಟಗಟ ಕುಡಿಯುತ್ತೇನೆ. ಅಳು ಬಂದರೆ ಅಳುತ್ತೇನೆ. ನೋಡಿದವರು ಬೆವರು ಅಂದುಕೊಳ್ಳುತ್ತಾರೆ. ಕೆಳಗೆ ರೇಸ್ ಕೋರ್ಸ್, ಅರಮನೆ ಎಲ್ಲ ಕಾಣುತ್ತದೆ. ನೆಮ್ಮದಿ ಅನ್ನಿಸುತ್ತದೆ. ಮನೆಗೆ ಬಂದು ಅದೇ ಬಾಟಲಿ ಎತ್ತಿದರೆ ಗಂಟಲಲ್ಲಿ ಇಳಿಯುವುದಿಲ್ಲ. ರಾತ್ರಿ ಸರಿಯಾಗಿ ನಿದ್ದೆಯೂ ಇಲ್ಲ.

ಓರಗಿತ್ತಿ ಯಾರ ಹತ್ತಿರವೋ ಅಂದರಂತೆ, "ಗಂಡ ಹೋಗಿ ವರ್ಷ ತುಂಬಿಲ್ಲ, ಇವಳು ಬೆಟ್ಟ ಸುತ್ತುತ್ತಾಳೆ" ಅಂತ. ಅವರ ಬಾಯಿ ಮುಚ್ಚಿಸುವುದು ನನಗೆ ಬೇಕಿಲ್ಲ. ಆದರೆ ಇದು ನಿಜವಾಗಲೂ ಮನೆಯಿಂದ ತಪ್ಪಿಸಿಕೊಂಡು ಓಡುವುದಾ? ಇನ್ನೊಂದು, ಡಿಸೆಂಬರ್‌ನಲ್ಲಿ ಇಲ್ಲಿನ ಕೆಲವರು ಕೇದಾರಕಂಠ ಟ್ರೆಕ್‌ಗೆ ಹೊರಟಿದ್ದಾರೆ, ನನ್ನನ್ನೂ ಕರೆದಿದ್ದಾರೆ. ಹಿಮ ಕಣ್ಣಲ್ಲಿ ನೋಡಿಲ್ಲ. ಹೋಗಲಾ?

ಪಾಂಡವಪುರದ_ಪಿಟಿ_ಮೇಷ್ಟ್ರು:

ನೋಡಮ್ಮ, ಮೊದಲನೇ ಪ್ರಶ್ನೆ ನನ್ನ ವಿಷಯ ಅಲ್ಲ, ಎರಡನೆಯದಕ್ಕೆ ಹೇಳುತ್ತೇನೆ. ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್. ಮೈಸೂರೇ 770ರ ಹತ್ತಿರ ಇದೆ. ಅಂದರೆ ನೀವು ಹತ್ತುವುದು ಮುನ್ನೂರು ಮೀಟರೂ ಇಲ್ಲ. ಕೇದಾರಕಂಠ 3,800 ಮೀಟರ್. ಅಲ್ಲಿ ಕಷ್ಟ ಏರು ದಾರಿಯದಲ್ಲ, ಗಾಳಿಯದು. ಒಂದು ಉಸಿರಿಗೆ ಇಲ್ಲಿ ಸಿಗುವ ಆಮ್ಲಜನಕದಲ್ಲಿ ಮೂರನೇ ಒಂದು ಪಾಲು ಅಲ್ಲಿ ಖೋತಾ. 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ತಲೆನೋವು, ವಾಂತಿ, ತಲೆಸುತ್ತು ಶುರುವಾಗಬಹುದು. ನನ್ನ ಕಬಡ್ಡಿ ಹುಡುಗರಂಥ ಗಟ್ಟಿ ಆಳುಗಳಿಗೂ ಆಗುತ್ತದೆ. ಅದು ಜಾಸ್ತಿಯಾದರೆ ಮದ್ದು ಒಂದೇ, ಕೆಳಗಿಳಿಯುವುದು. "ಇನ್ನು ಸ್ವಲ್ಪ ದೂರ, ಬನ್ನಿ" ಅನ್ನುವ ಗೈಡ್ ಸಿಕ್ಕರೆ ಅವನ ಮಾತು ಕೇಳಬೇಡಿ.

ಹೋಗಬೇಡಿ ಅಂತಲ್ಲ. ಮೊದಲು ನಮ್ಮ ಕಡೆ ಹತ್ತಿ. ಕುಂತಿ ಬೆಟ್ಟಕ್ಕೆ ಬನ್ನಿ, ಅಲ್ಲಿ ಮೆಟ್ಟಿಲಿನ ಭಾಗ್ಯ ಸ್ವಲ್ಪವೇ, ಆಮೇಲೆ ಬರೀ ಬಂಡೆ. ಕೈಯನ್ನೂ ಬಳಸಬೇಕು. ಆಮೇಲೆ ಕೊಡಗಿನ ತಡಿಯಂಡಮೋಳು, 1,748 ಮೀಟರ್. ಆಮೇಲೆ ಮುಳ್ಳಯ್ಯನಗಿರಿ, 1,930. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಇಷ್ಟೆಲ್ಲ ಆಗಿ ಮಂಡಿ ಚೆನ್ನಾಗಿದ್ದರೆ ಹಿಮಾಲಯ.

ಮಂಡಿ ಅಂದೆನಲ್ಲ. ಹತ್ತುವಾಗ ಉಸಿರಿಗೆ ಕೆಲಸ, ಇಳಿಯುವಾಗ ಮಂಡಿಗೆ ಕೆಲಸ. ಮಂಡಿ ಹಾಳಾಗುವುದು ಇಳಿಯುವಾಗಲೇ. ಹೊಲಿಗೆ ಮೆಷಿನ್ ತುಳಿಯುವವರು ನೀವು, ವಾರದಲ್ಲಿ ಕೆಲವು ದಿನ ಹತ್ತಿ, ಇಳಿಯುವುದಕ್ಕೆ ಸಿಟಿ ಬಸ್ ಹಿಡಿಯಿರಿ. ಶಕ್ತಿ ಯೋಜನೆ ಇದೆ, ದುಡ್ಡೂ ಇಲ್ಲ.

ಶಿಖರ_ಹುಡುಗ_ಮಂಡ್ಯ:

ಅಕ್ಕಾ, ಯೋಚನೆ ಮಾಡಬೇಡಿ, ಹೋಗಿಬಿಡಿ!! ಅರುಣಿಮಾ ಸಿನ್ಹಾ ಗೊತ್ತಲ್ಲ? 2011ರಲ್ಲಿ ಕಳ್ಳರು ರೈಲಿನಿಂದ ತಳ್ಳಿ ಎಡಗಾಲು ಹೋಯಿತು. 2013ರ ಮೇ 21ಕ್ಕೆ ಎವರೆಸ್ಟ್ ಮೇಲೆ ನಿಂತರು. ಅವರಿಗೆ ಸಾಧ್ಯ ಆದರೆ ನಿಮಗೆ ಯಾಕಾಗಲ್ಲ? ನಾನು ದಿನಾ ಬೆಳಿಗ್ಗೆ ಅವರ ವಿಡಿಯೋ ನೋಡಿಯೇ ಏಳುವುದು.

ಸಿಸ್ಟರ್_ನೈಟ್‌ಡ್ಯೂಟಿ:

ಅಕ್ಕಾ, ನಾನು ಡಯಾಲಿಸಿಸ್ ಯೂನಿಟ್‌ನಲ್ಲಿ ನರ್ಸ್. ಯಾವ ಆಸ್ಪತ್ರೆ ಅಂತ ಬೇಡ. ನಿಮ್ಮ ಬಾಟಲಿ ಲೆಕ್ಕ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಮೆಷಿನ್‌ಗೆ ಹಾಕುವ ಮೊದಲು ನಾವು ತೂಕ ನೋಡುತ್ತೇವೆ ಅಲ್ವಾ, ಜಾಸ್ತಿ ಬಂದರೆ ಪೇಷಂಟನ್ನು ಬಿಟ್ಟು ಜೊತೆಗೆ ಬಂದವರ ಮುಖ ನೋಡುತ್ತೇವೆ. "ನೀರು ಜಾಸ್ತಿ ಕೊಟ್ರಾ?" ಅಂತ. ಆ ಮಾತು ನಾನೂ ಅಂದಿದ್ದೇನೆ, ಅನ್ನಲೇಬೇಕು. ಒಳಗೆ ಮಲಗಿದವರ ಬಿಪಿ, ತೂಕ ಎಲ್ಲಾ ಬರೆದಿಡುತ್ತೇವೆ. ಹೊರಗೆ ಕುರ್ಚಿಯಲ್ಲಿ ಕೂತವರದನ್ನು ಯಾರೂ ಬರೆಯುವುದಿಲ್ಲ. ನೀವು ಈಗ ನಂದಿ ಹತ್ತಿರ ಹೋಗಿ ನೀರು ಕುಡಿದರೆ ಅದು ಓಡಿಹೋಗುವುದು ಹೇಗಾಗುತ್ತದೆ? ವಾಪಸ್ ಮನೆಗೇ ಬರುತ್ತೀರಲ್ಲ.

ಆದರೆ ನಿದ್ದೆ ಇಲ್ಲ ಅಂದಿರಿ. ಅದಕ್ಕೆ ಬೆಟ್ಟ ಒಂದೇ ಸಾಲದು. ಇಷ್ಟು ತಿಂಗಳು ನಿದ್ದೆ ಇಲ್ಲದಿದ್ದರೆ, ಊಟ ಸೇರದಿದ್ದರೆ ಮನಸ್ಸಿನ ಡಾಕ್ಟರಿಗೆ ತೋರಿಸಿ. ಹೊರಗೆ ಹೋಗುವುದಕ್ಕೆ ಮುಜುಗರ ಆದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಟ್ರೆಕ್‌ಗೆ ಮೊದಲು ಬಿಪಿ, ಶುಗರ್, ಹಿಮೋಗ್ಲೋಬಿನ್ ನೋಡಿಸಿ. ಇದನ್ನೆಲ್ಲ ನಿಮ್ಮ ಯಜಮಾನರಿಗೆ ಮಾಡಿಸಿದ್ದೀರಿ, ನಿಮಗೆ ಮಾಡಿಸಿಕೊಂಡು ಎಷ್ಟು ಕಾಲ ಆಯಿತು?

ಇನ್ನೊಂದು ಮಾತು. ಮನೆಯಲ್ಲಿ ಆ ಬಾಟಲಿಯಲ್ಲೇ ಯಾಕೆ ಕುಡಿಯುತ್ತೀರಿ? ಚೊಂಬು ತಗೊಳ್ಳಿ.

ರವಿಕೆ_ಮೈಸೂರು:

ಸಿಸ್ಟರ್, ಚೊಂಬಿನ ಮಾತಿಗೆ ನಗು ಬಂತು. ಸ್ಟೋರ್‌ನಲ್ಲಿ ಮದುವೆಯಲ್ಲಿ ಕೊಟ್ಟ ಹಿತ್ತಾಳೆ ಚೊಂಬು ಇತ್ತು. ಹುಣಸೆಹಣ್ಣು ಹಾಕಿ ತಿಕ್ಕಿ ಮೆಷಿನ್ ಪಕ್ಕ ಇಟ್ಟುಕೊಂಡಿದ್ದೇನೆ. ಬಾಟಲಿ ಎಸೆಯಲು ಮನಸ್ಸು ಬರಲಿಲ್ಲ, ಅಟ್ಟಕ್ಕೆ ಹಾಕಿದೆ. ಫೋನ್ ನಂಬರ್ ಬರೆದಿಟ್ಟುಕೊಂಡಿದ್ದೇನೆ, ಮಾಡುತ್ತೇನೆ.

ತಮ್ಮಾ ಶಿಖರ ಹುಡುಗ, ಬೇಜಾರು ಮಾಡಿಕೊಳ್ಳಬೇಡ. ಅಂಥವರ ಕಥೆ ಕೇಳಿದರೆ ನನಗೆ ಧೈರ್ಯಕ್ಕಿಂತ ನಾಚಿಕೆಯೇ ಜಾಸ್ತಿ ಆಗುತ್ತದೆ. ಕಾಲಿಲ್ಲದೆ ಅವರು ಎವರೆಸ್ಟ್ ಹತ್ತಿದರು, ಎರಡೂ ಕಾಲಿದ್ದು ನನಗೆ ಒಂದು ರಾತ್ರಿ ನಿದ್ದೆ ಮಾಡಲು ಆಗುತ್ತಿಲ್ಲ ಅಂತ.

ಪಾಂಡವಪುರದ_ಪಿಟಿ_ಮೇಷ್ಟ್ರು:

ಆ ಕಥೆಯನ್ನು ಎಲ್ಲರೂ ಅರ್ಧ ಹೇಳುತ್ತಾರೆ. ರೈಲಿನಿಂದ ಎವರೆಸ್ಟ್‌ಗೆ ಒಂದೇ ನೆಗೆತ ಅನ್ನುವ ಹಾಗೆ. ನಡುವೆ ಎರಡು ವರ್ಷ ಇದೆ. ಅರುಣಿಮಾ ಮೊದಲು ಹೋಗಿದ್ದು ಬಚೇಂದ್ರಿ ಪಾಲ್ ಹತ್ತಿರ, 1984ರಲ್ಲಿ ಎವರೆಸ್ಟ್ ಹತ್ತಿದ ನಮ್ಮ ದೇಶದ ಮೊದಲ ಹೆಂಗಸು. ಅವರು ಕಲಿಸಿದರು, ಚಿಕ್ಕ ಶಿಖರ ಹತ್ತಿಸಿದರು. ಆಮೇಲೆ ದೊಡ್ಡದು. ಒಬ್ಬರೇ ಎದ್ದು ಹೋಗಿದ್ದಲ್ಲ. ನಾಚಿಕೆ ಪಡುವಂಥದ್ದು ಅದರಲ್ಲಿ ಏನಿದೆ? ಕಲಿಸುವವರನ್ನು ಹುಡುಕಿಕೊಳ್ಳಿ ಅಂತ ತಿಳಿದುಕೊಳ್ಳಿ, ಸಾಕು.

ರವಿಕೆ_ಮೈಸೂರು:

ಹಾಗಾದರೆ ಈ ಡಿಸೆಂಬರ್ ಬೇಡ. ಕರೆದವರಿಗೆ ಹೇಳಿಬಿಟ್ಟೆ, ಮುಂದಿನ ವರ್ಷ ನೋಡೋಣ ಅಂತ. ಭಾನುವಾರ ಕುಂತಿ ಬೆಟ್ಟಕ್ಕೆ ಬರಬಹುದಾ ಮೇಷ್ಟ್ರೇ? ನಾನು ಮೆಟ್ಟಿಲು ಬರಿಗಾಲಲ್ಲೇ ಹತ್ತುವುದು. ಅಲ್ಲಿ?

ಪಾಂಡವಪುರದ_ಪಿಟಿ_ಮೇಷ್ಟ್ರು:

ಬರಿಗಾಲು ಬೇಡ. ಹತ್ತು ಗಂಟೆಗೆಲ್ಲ ಬಂಡೆ ಕಾದು ಕಾವಲಿ ಆಗಿರುತ್ತದೆ. ಹಿಡಿತ ಇರುವ ಶೂ ಹಾಕಿ. ಮೈಸೂರಿನಿಂದ ಮೊದಲ ಬಸ್ಸಿಗೇ ಹೊರಡಿ, ಪಾಂಡವಪುರದಲ್ಲಿ ಇಳಿದು ಆಟೋ ಹಿಡಿಯಿರಿ, ನಾನು ಮತ್ತು ನನ್ನ ಮನೆಯವರು ಬೆಟ್ಟದ ಬುಡದಲ್ಲಿ ಇರುತ್ತೇವೆ. ತಿಂಡಿ ಅವಳು ತರುತ್ತಾಳಂತೆ. ನೀರು ಎಷ್ಟು ಬೇಕೋ ಅಷ್ಟು ತನ್ನಿ.

ಶಿಖರ_ಹುಡುಗ_ಮಂಡ್ಯ:

ಮೇಷ್ಟ್ರೇ, ನಾನೂ ಬರಲಾ?

ಪಾಂಡವಪುರದ_ಪಿಟಿ_ಮೇಷ್ಟ್ರು:

ಬಾ. ಸ್ಪೀಕರ್ ತರಬೇಡ.